ರಾಥ್‌ಸ್ಟೀನ್ ಪುಸ್ತಕ: ಕಥಿ ಭಾರಿ ಐತಿ, ಬೈಂಡಿಂಗ್ ಮಾತ್ರ ಕೇಳಬ್ಯಾಡ್ರಿ

ಬೆಳಗಾವಿ ಖಡೇಬಜಾರ್ ಕಡೆ ಒಂದ ಹಳೇ ಪುಸ್ತಕದ ಅಂಗಡ್ಯಾಗ ತಗೊಂಡೆ, ನ್ಯೂಯಾರ್ಕಿನ ಜೂಜುಕೋರ ಅರ್ನಾಲ್ಡ್ ರಾಥ್‌ಸ್ಟೀನ್ ಜೀವನಚರಿತ್ರೆ, ಇಂಗ್ಲಿಷಿಂದು. ಐದಕ್ಕ ಮೂರೂವರೆ ಸ್ಟಾರ್. ಕಟ್ ಆಗಿದ್ದರಾಗ ಹೆಚ್ಚಿನ ಪಾಲು ಅಂಗಡ್ಯಾಂವಂದ, ಬರದಾಂವಂದಲ್ಲ.

ಗ್ಯಾಂಗ್‌ಸ್ಟರ್ ಅಂದ್ರ ಬಂದೂಕು, ಹೊಡದಾಟ ಅನ್ಕೊಂಡ ಓದಾಕ ಕುಂತ್ರ ಇಲ್ಲಿ ಸಿಗೋದು ಒಬ್ಬ ಪಕ್ಕಾ ಸಾವಕಾರ ನೋಡ್ರಿ. 1882ರಾಗ ಹುಟ್ಟಿದಾಂವ, ಅಪ್ಪ ಊರಾಗ ಮರ್ಯಾದಸ್ಥ ವ್ಯಾಪಾರಿ, ಮಗಾ ಮಾತ್ರ ಇಸ್ಪೀಟ್, ಕುದುರಿ ರೇಸು, ಬಡ್ಡಿ ಸಾಲ. 1920ರಾಗ ಅಮೆರಿಕಾದಾಗ ದಾರೂ ಬಂದ್ ಆತಲ್ಲ, ಆವಾಗ ಹಡಗಿನ್ಯಾಗ ವಿಸ್ಕಿ ತರಸಾಕ ರೊಕ್ಕ ಹಾಕಿದ್ದ ಇಂವ, ಮುಂದ ದೊಡ್ಡ ಗ್ಯಾಂಗ್‌ಸ್ಟರ್ ಆದ ಲಕ್ಕಿ ಲೂಸಿಯಾನೊ, ಮೇಯರ್ ಲ್ಯಾನ್‌ಸ್ಕಿ ಅವ್ರೆಲ್ಲಾ ಇಂವನ ಕಡೆನ ಧಂದೆ ಕಲತಾರ. ಗೋವಾದಿಂದ ಚೋರ್ಲಾ ಘಾಟ್ ಏರಿ ಬರೋ ಬಾಟ್ಲಿ ಕಥಿ ಕೇಳ್ಕೊಂತ ಬೆಳದ ನಮ್ಮ ಮಂದಿಗೆ ಈ ಭಾಗ ಲಗೂನ ತಿಳೀತದ.

ನನಗ ಭಾಳ ಸೇರಿದ್ದು 1921ರಾಗ ನ್ಯೂಯಾರ್ಕ್ ರಾಜ್ಯದ ಸಾರಟೋಗಾದಾಗ ನಡದ ಕುದುರಿ ರೇಸಿನ ಭಾಗ. ಟ್ರಾವರ್ಸ್ ಸ್ಟೇಕ್ಸ್ ಅನ್ನೋ ಆ ರೇಸಿನ್ಯಾಗ ಇಂವನ ಕುದುರಿ ಸ್ಪೋರ್ಟಿಂಗ್ ಬ್ಲಡ್, ಗೆಲ್ಲೂದು ಪ್ರೂಡರಿ ಅಂತ ಎಲ್ಲಾರೂ ಅಂದಿದ್ರು, ಆದ್ರ ಪ್ರೂಡರಿ ಸರಿಯಾಗಿ ಮೇವು ತಿನ್ನವಲ್ದು ಅನ್ನೋ ಸುದ್ದಿ ಇಂವಗ ಮೊದಲ ಬಂದಿತ್ತು. ಕಡೀ ಗಳಿಗ್ಯಾಗ ಗ್ರೇ ಲ್ಯಾಗ್ ಅನ್ನೋ ಇನ್ನೊಂದ ಚಲೋ ಕುದುರಿ ಹೆಸರು ಸೇರಿತು, ಇಂವನ ಕುದುರಿ ಗೆದ್ರ ಸಿಗೋ ರೊಕ್ಕದ ರೇಟ್ ಏರಿತು, ಸುಮ್ನ ಬೆಟ್ ಹಚ್ಚಿದ, ರೇಸಿನ ಮುಂದ ಆ ಹೆಸರ ವಾಪಸ್! ಐದ ಲಕ್ಷ ಡಾಲರ್ ಹತ್ರಾಹತ್ರ ಬಾಚಿದ ಅಂತಾರ. ನನಗಿಂತ ಮೊದಲ ಓದಿದ ಪುಣ್ಯಾತ್ಮ ಆ ಅಂಕಿಗೆ ಪೆನ್ಸಿಲ್‌ನ್ಯಾಗ ಗುಂಡ ಹಾಕಿ, ಬಾಜೂಕ ರೂಪಾಯಿ ಲೆಕ್ಕಾನೂ ಮಾಡ್ಯಾನ, ರೊಕ್ಕದ ಮಾತ ಬಂದಲ್ಲೆಲ್ಲಾ ಹಂಗ, ಬ್ಯಾರೆ ಕಡೆ ಒಂದ ಗೆರಿನೂ ಇಲ್ಲ.

1919ರ ವರ್ಲ್ಡ್ ಸೀರೀಸ್, ಅಂದ್ರ ಅಮೆರಿಕಾದ ಬೇಸ್‌ಬಾಲ್ ಫೈನಲ್, ಫಿಕ್ಸಿಂಗ್ ಚಾಪ್ಟರ್ ಬೋರ್ ರೀ, ಅದರ ಹಿಂದ ಇಂವನ ರೊಕ್ಕ ಇತ್ತು ಅನ್ನೋ ಸಂಶಯ. ಬೇಸ್‌ಬಾಲ್ ಗೊತ್ತಿಲ್ದಾಂವಗ ಬರೀ ಹೆಸರ ಮ್ಯಾಲ ಹೆಸರು. ರೊಕ್ಕ ತಗೊಂಡ ಸೋತ್ರು ಅನ್ನೋ ಆರೋಪದ ಎಂಟ ಆಟಗಾರರಿಗೆ ಕೋರ್ಟಿನ್ಯಾಗ ಬಿಡುಗಡೆ ಆದ್ರೂ ಜೀವಮಾನ ಆಟ ಬಂದ್ ಆತು, ರಾಥ್‌ಸ್ಟೀನ್ ಮಾತ್ರ ಗ್ರ್ಯಾಂಡ್ ಜ್ಯೂರಿ (ಕೇಸ್ ಹಾಕಬೇಕೋ ಬ್ಯಾಡೋ ಅಂತ ನೋಡೋ ಪಂಚರು) ಮುಂದ ಹೇಳಿಕಿ ಕೊಟ್ಟ ಆರಾಮ ಮನಿಗೆ ಹೋದ, ಇಷ್ಟ ತಿಳಕೊಂಡ ಮುಂದ ಹೋಗ್ರಿ.

ಕಡೀಕ ಇಸ್ಪೀಟಿನ್ಯಾಗ ಮೂರ ಲಕ್ಷ ಡಾಲರ್ ಮ್ಯಾಲ ಸೋತು, ಆಟದಾಗ ಮೋಸ ಆಗೇತಿ ಕೊಡೂದಿಲ್ಲ ಅಂತ ಕುಂತ. ಯಾರು ಯಾರಿಗೆ ಹೇಳಾಕತ್ತಾನ ನೋಡ್ರಿ! 1928ರ ನವೆಂಬರ್ 4ಕ್ಕ ಪಾರ್ಕ್ ಸೆಂಟ್ರಲ್ ಹೋಟೆಲಿನ್ಯಾಗ ಗುಂಡ ಬಿತ್ತು, ಹೊಡದಾಂವನ ಹೆಸರ ಹೇಳದs ಸತ್ತ, ಆ ಇಸ್ಪೀಟ್ ಆಟ ಇಡಿಸಿದ್ದ ಮ್ಯಾಕ್‌ಮೇನಸ್ ಅನ್ನಾಂವನ ಮ್ಯಾಲ ಕೇಸ್ ನಡದ್ರೂ ನಿಲ್ಲಲಿಲ್ಲ.

ಈ ಭಾಗ ಬರೂದ್ರಾಗ ಗೋಂದ ಬಿಟ್ಟ ಪುಟ ಎಲ್ಲಾ ಕೈಗೆ ಬಂದಿದ್ವು, ಫೋಟೋ ಪುಟ ಅಂತೂ ಯಾರೋ ಮೊದಲ ಕಿತ್ಕೊಂಡಾರ. ಅಂಗಡ್ಯಾಂವ ಬದ್ಲಿ ಕೊಡೂದಿಲ್ಲ, ತಗೊಳ್ಳಾವ್ರು ಅಲ್ಲೇ ನಿಂತ ಪುಸ್ತಕದ ಬೆನ್ನು ಅಲುಗ್ಯಾಡಿಸಿ ನೋಡಿ ರೊಕ್ಕ ಕೊಡ್ರಿ.