ಮುಂದೆ ಕಂಬಳಿ, ಹಿತ್ತಲಲ್ಲಿ ನಾಯಿಗಳು

ಅಮ್ಮನಿಗೆ ಒಂದು ಒಳ್ಳೆ ಕಂಬಳಿ ಬೇಕು ಅಂತ ತುಮಕೂರಿನ ಕ್ಯಾತ್ಸಂದ್ರ ಕಡೆಯ ಈ ಪುಟ್ಟ ಅಂಗಡಿಗೆ ಹೋಗಿದ್ದೆ. ಮುಂದೆ ಕಂಬಳಿ, ಬಿದಿರಿನ ಮೊರ, ಚನ್ನಪಟ್ಟಣದ ಗೊಂಬೆ. ಹಿಂದೆ ಹಿತ್ತಲಲ್ಲಿ ಹೈವೇಯಲ್ಲಿ ಗಾಡಿ ಬಡಿದು ಕಾಲು ಮುರಿದುಕೊಂಡ ನಾಯಿಗಳು. ಎರಡನ್ನೂ ನೋಡಿಕೊಳ್ಳುವುದು ಒಬ್ಬ ಅಕ್ಕ.

ಕಂಬಳಿ ಅಪ್ಪಟ ಕುರಿ ಉಣ್ಣೆಯದು, ಕೈಮಗ್ಗದ್ದು. ಹುಣಸೆ ಬೀಜದ ಗಂಜಿ ಹಾಕಿರುತ್ತಾರೆ, ಅದಕ್ಕೇ ಹೊಸದರಲ್ಲಿ ಹಲಗೆ ತರ ಬಿರುಸು, ಚುಚ್ಚುತ್ತದೆ, ಕುರಿ ವಾಸನೆಯೂ ಇರುತ್ತದೆ. ಅಷ್ಟಕ್ಕೇ ಬೇಡ ಅನ್ನಬೇಡಿ. ಅಮ್ಮ ಎರಡು ತಿಂಗಳು ಹೊದ್ದ ಮೇಲೆ ಈಗ ಮೆತ್ತಗಾಗಿದೆ, ಮೊನ್ನೆ ತುಂತುರು ಮಳೆಯಲ್ಲಿ ಹೊದ್ದುಕೊಂಡು ಹಸು ಕಟ್ಟಿ ಬಂದರೂ ನೀರು ಒಳಗೆ ಇಳಿದಿರಲಿಲ್ಲ. 2,400 ರೂಪಾಯಿ ಕೊಟ್ಟೆ. ಜಾಸ್ತಿ ಅನ್ನಿಸಬಹುದು. ಆದರೆ ಉಣ್ಣೆ ಕತ್ತರಿಸಿ, ಹಿಂಜಿ, ನೂತು, ನೇಯುವಷ್ಟರಲ್ಲಿ ಎಷ್ಟು ಜನರ ಕೈ ಸೋತಿರುತ್ತದೆ!

ಚೌಕಾಸಿ ಮಾಡಲು ಹೋದಾಗ ಅಕ್ಕ ಹೇಳಿದ್ದು ಇಷ್ಟೇ: "ನೇಯ್ದವರ ದುಡ್ಡು ಮೊದಲೇ ಕೊಟ್ಟುಬಿಟ್ಟಿದ್ದೀನಿ, ಉಳಿಯೋದು ಮಾತ್ರ ನಾಯಿಗಳ ಔಷಧಿಗೆ. ನಾಯಿ ನೋಡಿ ಪಾಪ ಅಂತ ತಗೋಬೇಡಿ, ಕಂಬಳಿ ಚೆನ್ನಾಗಿದ್ರೆ ತಗೊಳ್ಳಿ." ನನಗೆ ತುಂಬಾ ಹಿಡಿಸಿತು. ನಾಯಿಯ ಹೆಸರು ಹೇಳಿ ನೇಕಾರನ ಕೂಲಿ ಮುರಿದರೆ ಅದು ಕರುಣೆ ಆಗಲ್ಲ, ಅಲ್ವಾ?

ಮಗಳಿಗೆ ಒಂದು ಬುಗುರಿಯನ್ನೂ ತಂದೆ. ಕಡೆಯುವಾಗ ತಿರುಗುವ ಮರಕ್ಕೆ ಬಣ್ಣದ ಅರಗು ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಹಿಡಿಯುತ್ತದಂತೆ. ಹೊಳಪು ಚೆನ್ನಾಗಿದೆ. ಬಿಸಿಲಲ್ಲಿ ಬಿಡಬೇಡಿ.

ಹಿತ್ತಲಲ್ಲಿ ಮೂರು ಕಾಲಿನ ಕಂದು ನಾಯಿಯೊಂದು ಹಳೇ ಕಂಬಳಿ ತುಂಡಿನ ಮೇಲೆ ಮಲಗಿತ್ತು. ಅದರ ಕಿವಿಯ ತುದಿ ಕತ್ತರಿಸಿತ್ತು, ಯಾರೋ ಹಿಂಸೆ ಮಾಡಿದ್ದಾರೆ ಅಂದುಕೊಂಡು ಬೇಜಾರಾಯಿತು. ಸಂತಾನಹರಣ ಆಗಿದೆ ಅನ್ನೋ ಗುರುತು ಅದು ಅಂತ ಅಕ್ಕನೇ ಹೇಳಿದರು. ವಾಸಿಯಾದ ನಾಯಿಗಳನ್ನು ಅವುಗಳ ಬೀದಿಗೇ ಬಿಟ್ಟು ಬರುತ್ತಾರೆ. ಇದನ್ನು ಮಾತ್ರ ಮತ್ತೆ ರೋಡಿಗೆ ಕಳಿಸಲು ಅವರಿಗೆ ಮನಸ್ಸು ಬಂದಿಲ್ಲ.

ಒಂದು ದೂರು ಇದೆ. ಮೊದಲ ಸಲ ಗುಬ್ಬಿಯಿಂದ ಎರಡು ಬಸ್ಸು ಹಿಡಿದು ಹೋದರೆ ಬೀಗ, ಫೋನೂ ಎತ್ತಲಿಲ್ಲ. ಚರಂಡಿಗೆ ಬಿದ್ದ ಕರುವನ್ನು ಎತ್ತಿಸಲು ಹೋಗಿದ್ದರು ಅಂತ ಆಮೇಲೆ ಗೊತ್ತಾಯಿತು. ಹೋಗಲಿ, ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರೆ ಸಾಕಿತ್ತು. ಸಂಜೆ ಹೊತ್ತು ಹೋಗಿ, ಹೆಚ್ಚಾಗಿ ಇರುತ್ತಾರೆ. ಮನೆಯಲ್ಲಿ ಹರಿದ ಕಂಬಳಿ ಇದ್ದರೆ ಒಯ್ಯಿರಿ, ಮಳೆಗಾಲಕ್ಕೆ ಹಾಸಲು ಸಾಲುತ್ತಿಲ್ಲ.