ನುಗ್ಗಿ ಸ್ಕೀ ಮಾಡುವ ಹುಡುಗನಿಗೆ 96 ಮಿಲಿಮೀಟರ್ ಸಾಕಾಯಿತೇ? ಟಾಹೋದಲ್ಲಿ ವೋಲ್ಕ್ಲ್ ಮಂತ್ರ ಎಂ6

ಬಳಸಿದ ಸ್ಕೀ ವೋಲ್ಕ್ಲ್ ಮಂತ್ರ ಎಂ6, ಉದ್ದ 177 ಸೆಂಟಿಮೀಟರ್, ನಡುವಿನ ಅಗಲ 96 ಮಿಲಿಮೀಟರ್, ಮೇಲೆ ಬೂಟನ್ನು ಹಿಡಿದಿಡುವ ಮಾರ್ಕರ್ ಗ್ರಿಫನ್ 13 ಬೈಂಡಿಂಗ್. ಕೊಂಡಿದ್ದು 2022ರ ಅಕ್ಟೋಬರಿನಲ್ಲಿ. ಬಳಸುವವನು ನನ್ನ ಮಗ. ಆಗ ಹದಿನೈದರ ಹುಡುಗ, ಈಗ ಕಾಲೇಜಿಗೆ ಗಂಟುಮೂಟೆ ಕಟ್ಟುತ್ತಿದ್ದಾನೆ. ಹೆಚ್ಚಾಗಿ ಓಡಿದ್ದು ಕ್ಯಾಲಿಫೋರ್ನಿಯಾದ ಸ್ಕೀ ತಾಣ ಪ್ಯಾಲಿಸೇಡ್ಸ್ ಟಾಹೋದಲ್ಲಿ, ಆಗೀಗ ಕರ್ಕ್‌ವುಡ್‌ನಲ್ಲಿ. ನಾನು ನಲವತ್ತರ ಹತ್ತಿರ ಸ್ಕೀ ಕಲಿತವಳು, ಮೌಂಟನ್ ರನ್ ಎಂಬ ಇಳಿದಾರಿ ಬಿಟ್ಟು ಹೆಚ್ಚೇನೂ ಆಚೆ ಹೋಗುವುದಿಲ್ಲ. ಹಾಗಾಗಿ ಕಾಲಿನ ಅನುಭವ ಅವನದು. ದುಡ್ಡು, ಡ್ರೈವಿಂಗು, ಸ್ಕೀಯ ತಳಕ್ಕೆ ಹಚ್ಚುವ ವ್ಯಾಕ್ಸು, ಚಿಂತೆ ನನ್ನವು.

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಸಿಯೆರಾ ಬೆಟ್ಟಗಳಲ್ಲಿ ಇಡೀ ದಿನ, ಎಲ್ಲ ಕಡೆ, ಜೋರಾಗಿ ಓಡುವ ಹುಡುಗ ಹುಡುಗಿಯರಿಗೆ ಇದು ತುಂಬ ಒಳ್ಳೆಯ ಸ್ಕೀ. ಆದರೆ ಮೈತೂಕ ಬೇಕು, ಬೂಟು ಸರಿ ಇರಬೇಕು, ಮೈ ಮುಂದಕ್ಕಿಟ್ಟು ಓಡುವ ಅಭ್ಯಾಸ ಆಗಿರಬೇಕು. ಮೂರರಲ್ಲಿ ಒಂದು ತಪ್ಪಿದರೂ ಬೇರೆಯದನ್ನು ನೋಡುವುದು ಲೇಸು.

ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ಕನ್ನಡದ ಮನೆಗಳಲ್ಲಿ ಮಕ್ಕಳು ಟಾಹೋ ಹುಚ್ಚು ಹತ್ತಿಸಿಕೊಂಡ ಮೇಲೆ ಅಪ್ಪ ಅಮ್ಮಂದಿರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಅಗಲದ್ದು ತಗೋಬೇಕು?" ಮಕ್ಕಳು ಕೇಳುವುದು 110, 115 ಮಿಲಿಮೀಟರಿನದು. ನೋಡುವ ವಿಡಿಯೊಗಳಲ್ಲೆಲ್ಲ ಎದೆಮಟ್ಟದ ಪುಡಿಹಿಮ, ಹಾರುವವರ ಕಾಲಲ್ಲಿ ಹಲಗೆಯಂಥ ಸ್ಕೀ. ಕೊಡಗಿನ ಭವಾನಿ ತೆಕ್ಕಡ ಅವರ ಫೋಟೊ ಕಂಡು ಸ್ಕೀ ಎಂದರೆ ಹೀಗೆ ಎಂದುಕೊಂಡ ಊರಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ಅವರದು ಕ್ರಾಸ್ ಕಂಟ್ರಿ, ಅಲ್ಲಿ ಸ್ಕೀಯ ಅಗಲ ಐದು ಸೆಂಟಿಮೀಟರೂ ಇರುವುದಿಲ್ಲ. ಇಳಿಜಾರಿನ ಸ್ಕೀಯಲ್ಲಿ ಅಗಲ ಅಂದರೆ ನಡುವಿನ ಅಗಲ, ಬೂಟಿನ ಅಡಿಯಲ್ಲಿ ಬರುವ ಭಾಗ. ಕಂಬಗಳ ನಡುವೆ ತಿರುಗುತ್ತ ಓಡುವ ಸ್ಲಾಲಮ್ ರೇಸಿನವರದು 65ರ ಮೇಲೆ ಸ್ವಲ್ಪ, ಪುಡಿಹಿಮಕ್ಕೆಂದೇ ಮಾಡಿದ ಪೌಡರ್ ಸ್ಕೀಗಳದು 110 ದಾಟುತ್ತದೆ. ಇವೆರಡರ ನಡುವೆ 95ರಿಂದ 105ರವರೆಗಿನ ಗುಂಪನ್ನು ಇಲ್ಲಿನ ಅಂಗಡಿಯವರು ಅಗಲದ ಆಲ್ ಮೌಂಟನ್, ಅಂದರೆ ಎಲ್ಲ ಬಗೆಯ ಹಿಮಕ್ಕೂ ಆಗುವಂಥದ್ದು ಅನ್ನುತ್ತಾರೆ. ಎಂ6 ಆ ಗುಂಪಿನ ತೆಳು ತುದಿಯಲ್ಲಿದೆ: 177ರ ಉದ್ದದಲ್ಲಿ ಮೂತಿ 135, ನಡು 96, ಬಾಲ 119.

ಅಗಲದ ಲಾಭ ಎಲ್ಲರಿಗೂ ಗೊತ್ತು, ಮೆತ್ತನೆ ಹಿಮದಲ್ಲಿ ಮುಳುಗುವುದಿಲ್ಲ. ನಷ್ಟವನ್ನು ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ. ಗಟ್ಟಿ ಹಿಮದ ಮೇಲೆ ಸ್ಕೀ ತಿರುಗುವುದು ಅದನ್ನು ಅಂಚಿನ ಮೇಲೆ ಎಬ್ಬಿಸಿದಾಗ. ನಡು ಅಗಲವಾದಷ್ಟೂ ಆ ಅಂಚು ಪಾದದ ಮಧ್ಯರೇಖೆಯಿಂದ ದೂರ ಸರಿಯುತ್ತದೆ. ದೂರವಾದಷ್ಟೂ ಎಬ್ಬಿಸಲು ಬಲ ಹೆಚ್ಚು ಬೇಕು, ಎಬ್ಬಿಸಿ ಹಿಡಿದಿರುವಾಗ ಮೊಣಕಾಲಿನ ಮೇಲೆ ತಿರುಚು ಹೆಚ್ಚು ಬೀಳುತ್ತದೆ. ಒಂದು ಅಂಚಿನಿಂದ ಇನ್ನೊಂದಕ್ಕೆ ಬದಲಾಗುವುದೂ ನಿಧಾನ. ಇನ್ನೂ ಬೆಳೆಯುತ್ತಿರುವ ಕಾಲಿಗೆ 112ರ ಸ್ಕೀ ಕಟ್ಟಿ, ರಾತ್ರಿಯ ಚಳಿಗೆ ಮತ್ತೆ ಕಲ್ಲಾದ ಇಳಿಜಾರಿಗೆ ದಿನವಿಡೀ ಬಿಡುವುದು ನನಗೆ ಒಪ್ಪಿಗೆಯಾಗಲಿಲ್ಲ.

ಟಾಹೋದ ಹಿಮದ ಸ್ವಭಾವ ಗೊತ್ತಿಲ್ಲದೆ ಇಲ್ಲಿಗೆ ಸ್ಕೀ ಆರಿಸುವುದು ಕಷ್ಟ. ಯೂಟಾದ ಒಣ ಪುಡಿಯಲ್ಲ ಇದು. ಪೆಸಿಫಿಕ್ ಸಮುದ್ರದಿಂದ ನೇರವಾಗಿ ಬರುವ ಮೋಡ, ನೀರಿನ ಅಂಶ ಜಾಸ್ತಿ, ತೂಕ ಜಾಸ್ತಿ. ಸಿಯೆರಾ ಸಿಮೆಂಟ್ ಅಂತ ಸುಮ್ಮನೆ ಕರೆಯುವುದಿಲ್ಲ. ಬೆಳಗ್ಗೆ ಲಿಫ್ಟ್ ತೆರೆದಾಗ ಹೊಸ ಹಿಮ ಚೆನ್ನಾಗಿಯೇ ಇರುತ್ತದೆ. ಪ್ಯಾಲಿಸೇಡ್ಸ್‌ನ ಕೆಟಿ-22 ಲಿಫ್ಟಿನ ಕೆಳಗೆ ಅದು ಎಷ್ಟು ಹೊತ್ತು ಉಳಿಯುತ್ತದೆ ಅನ್ನುವುದು ಆ ಸಾಲಿನಲ್ಲಿ ನಿಂತವರಿಗೆ ಗೊತ್ತು. ಹತ್ತೂವರೆಗೆಲ್ಲ ಇಡೀ ಇಳಿಜಾರು ಉತ್ತು ಬಿಟ್ಟ ಗದ್ದೆ. ಭಾರದ ಹೆಂಟೆ, ನಡುವೆ ಗುಂಡಿ, ಕೆಳಗೆ ಹಳೆಯ ಗಟ್ಟಿ ಪದರ. ನುಗ್ಗಿ ಸ್ಕೀ ಮಾಡುವ ಹುಡುಗ ದಿನದ ಮುಕ್ಕಾಲು ಭಾಗ ಕಳೆಯುವುದು ಈ ಗದ್ದೆಯಲ್ಲಿ, ವಿಡಿಯೊದ ಪುಡಿಹಿಮದಲ್ಲಲ್ಲ. ಅಲ್ಲಿ ಬೇಕಾದದ್ದು ತೇಲುವಿಕೆಯಲ್ಲ. ಹೆಂಟೆಗೆ ಹೊಡೆದಾಗ ಮೂತಿ ಪಕ್ಕಕ್ಕೆ ಚಿಮ್ಮಬಾರದು, ಕಾಲು ನಡುಗಬಾರದು, ಅಷ್ಟೇ.

ಆ ಕೆಲಸ ಮಾಡುವುದು ಟೈಟನಾಲ್, ಅಂದರೆ ಅಲ್ಯೂಮಿನಿಯಮ್ ಮಿಶ್ರಲೋಹದ ತೆಳು ಪದರ. ಅದು ಸ್ಕೀಯ ನಡುಕವನ್ನು ಹೀರುತ್ತದೆ, ತಿರುಚಿಕೊಳ್ಳದಂತೆ ಬಿಗಿಯುತ್ತದೆ, ಜೊತೆಗೆ ತೂಕವನ್ನೂ ಏರಿಸುತ್ತದೆ. ಎಂ6ರಲ್ಲಿ ಲೋಹವನ್ನು ಪೂರ್ತಿ ಹಾಸಿಲ್ಲ, ಅಂಚುಗುಂಟ ಚೌಕಟ್ಟಿನ ಹಾಗೆ ಇಟ್ಟಿದ್ದಾರೆ. ಮೂತಿಯಲ್ಲಿ ಕಾರ್ಬನ್ ನಾರು, ಒಳಗೆ ಮರದ ತಿರುಳು. ಮೂತಿ ಬಾಲ ಎರಡೂ ಸ್ವಲ್ಪ ಮೇಲೆದ್ದಿವೆ, ಪಾದದ ಕೆಳಗೆ ಕ್ಯಾಂಬರ್, ಅಂದರೆ ಕಮಾನಿನಂಥ ಬಾಗು ಇದೆ. ಪಕ್ಕದ ಬಾಗು ಉದ್ದಕ್ಕೂ ಒಂದೇ ಅಲ್ಲ, ನಡುಭಾಗದಲ್ಲಿ ಬಿಗಿ, ತುದಿಗಳಲ್ಲಿ ಸಡಿಲ. ಅದರ ಅನುಕೂಲವನ್ನು ನಾನೇ ಲಿಫ್ಟಿನಿಂದ ಕಂಡಿದ್ದೇನೆ. ಹೆಚ್ಚು ವಾಲಿದರೆ ಚಿಕ್ಕ ತಿರುವು, ಕಡಿಮೆ ವಾಲಿದರೆ ಉದ್ದನೆಯ ತಿರುವು. ಹುಡುಗ ಬೇಕೆಂದಾಗ ಬೇಕಾದ್ದು ಕೊಡುತ್ತದೆ.

ಕೊಳ್ಳುವ ಮೊದಲಿನ ಸೀಸನ್ನಿನಲ್ಲಿ ಡೆಮೊ ಬಾಡಿಗೆಗೆ ಕೆಲವು ಜೋಡಿ ತೆಗೆದುಕೊಂಡು ನೋಡಿದೆವು. ಡೆಮೊ ಬಾಡಿಗೆ ಅಗ್ಗವಲ್ಲ, ಆದರೆ ಬೈಂಡಿಂಗ್ ಇಲ್ಲದೆಯೇ ಏಳುನೂರು ಡಾಲರ್ ಆಸುಪಾಸಿನ ಸಾಮಾನನ್ನು ಕಣ್ಣುಮುಚ್ಚಿ ಕೊಳ್ಳಲು ಮನಸ್ಸಾಗಲಿಲ್ಲ. ನಾರ್ಡಿಕಾ ಎನ್‌ಫೋರ್ಸರ್ 100ರಲ್ಲಿ ಲೋಹದ ಎರಡು ಪದರ. ಹೆಂಟೆಯ ಮೇಲೆ ರೋಲರಿನಂತೆ ಓಡುತ್ತದೆ ಅಂದ. ಐವತ್ತೆಂಟು ಕಿಲೋದ ಹುಡುಗನಿಗೆ ಮಧ್ಯಾಹ್ನದ ಹೊತ್ತಿಗೆ ಅದೇ ಭಾರವಾಯಿತು. ಸಾಲೊಮನ್ ಕ್ಯೂಎಸ್‌ಟಿ 106ರಲ್ಲಿ ಲೋಹದ ಪೂರ್ತಿ ಪದರವಿಲ್ಲ. ಅವನಿಗೆ ಬಲು ಇಷ್ಟವಾಯಿತು, ಮರಗಳ ನಡುವೆ ಸಲೀಸು, ಹಾರಲು ಹಗುರ. ಇಷ್ಟವಾದ ಆ ದಿನ ಹಿಂದಿನ ರಾತ್ರಿ ಹಿಮ ಬಿದ್ದಿತ್ತು ಅನ್ನುವುದನ್ನು ನಾನು ನೆನಪಿಟ್ಟುಕೊಂಡೆ. ಅದನ್ನೇ ಹಿಮ ಬೀಳದ ವಾರವೊಂದರಲ್ಲಿ, ಬೆಳಗ್ಗೆ ಬೆಳಗ್ಗೆ, ಇನ್ನೊಮ್ಮೆ ಕೊಡಿಸಿದೆ. ಲಿಫ್ಟಿನ ಬುಡದಲ್ಲಿ ಸಿಕ್ಕವನು, "ಅಮ್ಮ, ಇದು ಜಾರ್ತಾನೇ ಇದೆ, ಹಿಡಿಯಲ್ಲ" ಅಂದ.

ಆರಿಸುವ ದಾರಿಯ ಬಗ್ಗೆ ನಾನು ಹೇಳುವುದು ಇದನ್ನೇ. ಎಲ್ಲ ಸ್ಕೀಯೂ ಮೆತ್ತನೆ ಹಿಮದಲ್ಲಿ ಚೆನ್ನಾಗಿಯೇ ಕಾಣುತ್ತದೆ. ಪರೀಕ್ಷೆ ಮಾಡಬೇಕಾದದ್ದು ಹಿಮ ಬಿದ್ದು ಐದಾರು ದಿನವಾದ ಮೇಲೆ, ಬೆಳಗ್ಗೆ ಒಂಬತ್ತಕ್ಕೆ. ಅಲ್ಲಿ ಪಾಸಾದದ್ದು ಎಂ6 ಮತ್ತು ಬ್ಲಿಜರ್ಡ್ ಬೋನಫೈಡ್ 97. ಎರಡರಲ್ಲಿ ಯಾವುದಾದರೂ ಆಗುತ್ತಿತ್ತು. ಎಂ6ರ ಮೂತಿ ತಿರುವಿಗೆ ಬೇಗ ಒಪ್ಪುತ್ತದೆ ಅಂದ, ಅದನ್ನೇ ತೆಗೆದುಕೊಂಡೆವು.

ಉದ್ದದ ಬಗ್ಗೆ ಮನೆಯಲ್ಲಿ ಚರ್ಚೆಯೇ ನಡೆಯಿತು. ಆಗ ಅವನ ಎತ್ತರ 171. ಅಂಗಡಿಯ ಪಟ್ಟಿ 170 ಅನ್ನುತ್ತಿತ್ತು, ಅವನಿಗೆ 184 ಬೇಕಿತ್ತು, ಅವನ ಅಪ್ಪನಿಗೆ ಅಗ್ಗಕ್ಕೆ ಸಿಗುವುದು ಬೇಕಿತ್ತು. ಮೂತಿ ಬಾಲ ಮೇಲೆದ್ದ ಸ್ಕೀಯಲ್ಲಿ ನೆಲ ಮುಟ್ಟುವ ಅಂಚು ಅಳತೆಗಿಂತ ಚಿಕ್ಕದು. ಹಾಗಾಗಿ ಎತ್ತರಕ್ಕಿಂತ ಒಂದಿಷ್ಟು ಉದ್ದ ಹೋದರೆ ತೊಂದರೆಯಿಲ್ಲ, ಹುಡುಗ ಬೆಳೆಯುವವನು ಬೇರೆ. 177ಕ್ಕೆ ನಿಂತೆವು. ಮೊದಲ ಚಳಿಗಾಲದಲ್ಲಿ ಅದು ಅವನಿಗೆ ಒಂದು ಗೇಣು ದೊಡ್ಡದೇ ಆಗಿತ್ತು ಅನ್ನಬೇಕು. ಮೆಲ್ಲಗೆ ಹೋದರೆ ಬಾಗುವುದಿಲ್ಲ, ಮೊಗಲ್ ಎಂಬ ಹಿಮದ ದಿಬ್ಬಗಳ ಸಾಲಿನಲ್ಲಿ ಬಾಲ ತಡವಾಗಿ ಬಿಡುತ್ತದೆ. ಸುಸ್ತಾಗಿ ಹಿಂದಕ್ಕೆ ವಾಲಿದನೋ, ಸ್ಕೀ ಇವನನ್ನು ಹೊತ್ತುಕೊಂಡು ಹೋಗುತ್ತದೆ. ಎಪ್ಪತ್ತು ಕಿಲೋ ಮುಟ್ಟಿದ ಮೇಲೆ ಅದೇ ಸ್ಕೀ ಬೇರೆಯಾಯಿತು. ಎತ್ತರಕ್ಕಿಂತ ಮೈತೂಕ ನೋಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಐವತ್ತು ಕಿಲೋ ದಾಟದ ಮಗುವಿಗೆ, ಎಷ್ಟೇ ಧೈರ್ಯವಿರಲಿ, ಲೋಹದ ಸ್ಕೀ ಈಗಲೇ ಬೇಡ. ಧೈರ್ಯ ಸ್ಕೀಯನ್ನು ಬಾಗಿಸುವುದಿಲ್ಲ.

ಕೊಂಡ ವರ್ಷದ ಚಳಿಗಾಲ ಹೇಗಿತ್ತೆಂದು ಇಲ್ಲಿಯವರಿಗೆ ನೆನಪಿಸಬೇಕಿಲ್ಲ. 2022-23ರಲ್ಲಿ ಡಾನರ್ ಹತ್ತಿರದ ಸೆಂಟ್ರಲ್ ಸಿಯೆರಾ ಸ್ನೋ ಲ್ಯಾಬ್‌ನಲ್ಲಿ 754 ಇಂಚು ಹಿಮ ದಾಖಲಾಯಿತು, ಪ್ಯಾಲಿಸೇಡ್ಸ್ ಜುಲೈ 4ರವರೆಗೆ ತೆರೆದಿತ್ತು. 96 ಸಾಲದು ಅಂತ ಸಾಬೀತಾಗಲು ಇದಕ್ಕಿಂತ ಒಳ್ಳೆಯ ವರ್ಷ ಬೇಕೇ? ಮೊಣಕಾಲು ದಾಟಿದ ಹೊಸ ಹಿಮದಲ್ಲಿ ಸಾಲಲಿಲ್ಲ, ನಿಜ. ಮೂತಿ ಕೆಳಗೆ ಹೋಗುತ್ತಿತ್ತು, ತೊಡೆ ಉರಿಯುತ್ತಿತ್ತು, ಗೆಳೆಯನ 112 ಎರವಲು ತಂದ. ಆದರೆ ಅಷ್ಟು ಹಿಮ ಬಿದ್ದ ದಿನಗಳಲ್ಲಿ ಆಗುತ್ತಿದ್ದದ್ದೇ ಬೇರೆ. ಐ-80 ಹೆದ್ದಾರಿ ಡಾನರ್ ಬಳಿ ಮುಚ್ಚಿರುತ್ತದೆ, ಇಲ್ಲವೇ ಟೈರಿಗೆ ಸರಪಳಿ ಕಟ್ಟಿದೆಯೇ ಎಂದು ನೋಡುವ ಚೈನ್ ಕಂಟ್ರೋಲಿನಲ್ಲಿ ತಾಸುಗಟ್ಟಲೆ ಸಾಲು. ಹೇಗೋ ತಲುಪಿದರೆ ಗಾಳಿಗೆ, ಹಿಮಕುಸಿತದ ಭಯಕ್ಕೆ ಮೇಲಿನ ಲಿಫ್ಟುಗಳು ನಿಂತಿರುತ್ತವೆ. ಪುಡಿಹಿಮದ ದಿನಕ್ಕೆಂದು ಸ್ಕೀ ಕೊಳ್ಳುವ ಬೇ ಏರಿಯಾದ ಕುಟುಂಬ ಆ ದಿನವನ್ನು ಬಹಳ ಸಲ ಕಾರಿನಲ್ಲೇ ಕಳೆಯುತ್ತದೆ. ಮರುದಿನ, ಅದರ ಮರುದಿನ ನಮಗೆ ಸಿಗುವುದು ಆ ಉತ್ತ ಗದ್ದೆಯೇ.

ಅಲ್ಲಿ ಎಂ6 ನಿಜಕ್ಕೂ ಹಣಕ್ಕೆ ತಕ್ಕ ಮಾಲು. ಹೆಡ್‌ವಾಲ್ ಎಂಬ ಕಡಿದಾದ ಇಳಿಜಾರಿನಿಂದ ಇಳಿಯುವಾಗ ಬೇರೆ ಹುಡುಗರ ಸ್ಕೀ ಪಟಪಟ ಹೊಡೆದುಕೊಳ್ಳುವ ಜಾಗದಲ್ಲಿ ಇವನದು ಸದ್ದಿಲ್ಲದೆ ಹಾದುಹೋಗುತ್ತದೆ. ಹೈಸ್ಕೂಲಿನಲ್ಲಿದ್ದಾಗ ಜೂನಿಯರ್ ಫ್ರೀರೈಡ್, ಅಂದರೆ ಕಡಿದಾದ ಬೆಟ್ಟದಲ್ಲಿ ತಾನೇ ದಾರಿ ಆರಿಸಿ ಇಳಿಯುವ ಸ್ಪರ್ಧೆಗಳಿಗೂ ಹೋಗಿದ್ದ. ಆ ಸ್ಪರ್ಧೆಗಳ ಸಂಸ್ಥೆ ಐಎಫ್‌ಎಸ್‌ಎ ಪದ್ಧತಿಯಲ್ಲಿ ಆರಿಸಿದ ದಾರಿ, ಹಿಡಿತ, ತಂತ್ರ, ಸರಾಗತೆ, ಶೈಲಿ ಎಲ್ಲಕ್ಕೂ ಅಂಕ. ಕಲ್ಲಿನಿಂದ ಹಾರಿ ಇಳಿದ ಮರುಕ್ಷಣ ಸ್ಕೀ ಕುಣಿದರೆ ಹಿಡಿತದ ಅಂಕ ಹೋಯಿತು. ಇಳಿದದ್ದೇ ನೆಲಕ್ಕೆ ಅಂಟುವ ಸ್ಕೀ ಆಗ ಉಪಕಾರಕ್ಕೆ ಬಂತು. ಹಿಂದಕ್ಕೆ ಓಡುವುದು, ಹಾರಲೆಂದೇ ಕಟ್ಟಿದ ಹಿಮದ ಪಾರ್ಕಿನಲ್ಲಿ ಗಾಳಿಯಲ್ಲಿ ಸುತ್ತುವುದು ನಿಮ್ಮ ಮಗುವಿನ ಹುಚ್ಚಾದರೆ ಇದು ಅಲ್ಲವೇ ಅಲ್ಲ. ಜೋಡಿ ಬೈಂಡಿಂಗ್ ಸಮೇತ ಸುಮಾರು ಆರು ಕಿಲೋ ತೂಗುತ್ತದೆ. ಪಾರ್ಕಿಂಗಿನಿಂದ ಲಿಫ್ಟಿಗೆ ಹೊತ್ತುಕೊಂಡು ನಡೆದರೆ ಭುಜಕ್ಕೆ ಗೊತ್ತಾಗುತ್ತದೆ.

ಬೈಂಡಿಂಗ್ ಬಗ್ಗೆ ಎರಡು ಮಾತು, ಯಾಕೆಂದರೆ ಅಪ್ಪ ಅಮ್ಮಂದಿರು ಇಲ್ಲೇ ಕಣ್ಣುಮುಚ್ಚುತ್ತಾರೆ. ಎಷ್ಟು ಬಲ ಬಿದ್ದಾಗ ಬೈಂಡಿಂಗ್ ಬೂಟನ್ನು ಬಿಡಬೇಕು ಅನ್ನುವ ಅಂಕಿ ಡಿನ್. ಗ್ರಿಫನ್‌ನ ಡಿನ್ ವ್ಯಾಪ್ತಿ 4ರಿಂದ 13, ಬೆಳೆಯುವ ಹುಡುಗನಿಗೆ ಬೇಕಾದಷ್ಟು ಜಾಗ. ಕಳಚಿದ ಸ್ಕೀ ಜಾರಿ ಹೋಗದಂತೆ ತಡೆಯುವ ಬ್ರೇಕ್ ಸ್ಕೀಯ ನಡುವಿಗಿಂತ ತುಸುವೇ ಅಗಲ ಇರಬೇಕು, 96ಕ್ಕೆ 100 ಸರಿ. ನಾವು ಮೊದಲು ಹಾಕಿಸಿದ ಅಂಗಡಿಯೊಂದು ದಾಸ್ತಾನಿನಲ್ಲಿದ್ದ 120ನ್ನೇ ಜೋಡಿಸಿ ಕೊಟ್ಟಿತ್ತು. ಚೆನ್ನಾಗಿ ವಾಲಿದಾಗ ಬ್ರೇಕಿನ ತೋಳು ಹಿಮಕ್ಕೆ ತಾಗುತ್ತಿತ್ತು. ಎರಡು ಸಲ ಹೋಗಿ ಜಗಳವಾಡಿದ ಮೇಲೆ ಬದಲಿಸಿದರು. ಇನ್ನು ಡಿನ್. ಅದು ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ, ಓಡುವ ಬಗೆ ಇಷ್ಟನ್ನೂ ನೋಡಿ ಪಟ್ಟಿಯಿಂದ ತೆಗೆಯುವ ಅಂಕಿ. ಹುಡುಗರಲ್ಲಿ ಅದು ಮರ್ಯಾದೆಯ ಅಂಕಿಯಾಗಿಬಿಟ್ಟಿದೆ. ಜಾಸ್ತಿ ಇಟ್ಟಷ್ಟೂ ಗಂಡಸು. ಬಿದ್ದಾಗ ಕಳಚಿಕೊಳ್ಳದ ಬೈಂಡಿಂಗ್ ಮುರಿಯುವುದು ಕಾಲನ್ನು. ಡಿನ್ ಬದಲಿಸುವ ಸ್ಕ್ರೂಡ್ರೈವರ್ ನನ್ನ ಕಪಾಟಿನಲ್ಲಿ ಇರುತ್ತದೆ. ಪ್ರತಿ ವರ್ಷ ಸೀಸನ್ನಿಗೆ ಮುಂಚೆ ಹೊಸ ತೂಕ ಹೇಳಿ ಅಂಗಡಿಯಲ್ಲಿ ಪರೀಕ್ಷೆ ಮಾಡಿಸುತ್ತೇನೆ.

ಬಾಳಿಕೆ. 2023ರ ಡಿಸೆಂಬರಿನಲ್ಲಿ ಹಿಮ ತೆಳುವಾಗಿತ್ತು, ಸಿಯೆರಾದ ಗ್ರಾನೈಟ್ ಎಲ್ಲೆಲ್ಲೂ ತಲೆ ಎತ್ತಿತ್ತು. ಒಂದು ಬಂಡೆ ತಳವನ್ನು ತಿರುಳಿನವರೆಗೆ ಸೀಳಿತು. ಪಿ-ಟೆಕ್ಸ್ ಎಂಬ ಪ್ಲಾಸ್ಟಿಕ್ ತುಂಬಿಸಿ, ತಳವನ್ನು ಕಲ್ಲಿನ ಚಕ್ರದಲ್ಲಿ ಉಜ್ಜಿ ಸಮ ಮಾಡಿಸಿದ ಮೇಲೆ ಓಡುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ತೆಳು ಹಿಮದ ದಿನಗಳಿಗೆ ಅವನ ಹಳೆಯ ಜೂನಿಯರ್ ಸ್ಕೀಯನ್ನೇ ತೆಗೆದೆವು. ಅಂಚಿನ ಹರಿತದ ಕೋನವನ್ನು ತಳದಲ್ಲಿ 1 ಡಿಗ್ರಿ, ಪಕ್ಕದಲ್ಲಿ 2 ಡಿಗ್ರಿಗೆ ಇಟ್ಟಿದ್ದೇವೆ. ವ್ಯಾಕ್ಸನ್ನು ಇಸ್ತ್ರಿಪೆಟ್ಟಿಗೆಯಿಂದ ಕರಗಿಸಿ ಹಚ್ಚುವುದು ಗ್ಯಾರೇಜಿನಲ್ಲೇ ನಡೆಯುತ್ತದೆ. ಊರಿನಿಂದ ಬಂದಿದ್ದ ನಮ್ಮತ್ತೆ, ಹಲಗೆಗೆ ಇಸ್ತ್ರಿ ಹಾಕುತ್ತಿದ್ದಾರೆಂದು ನೋಡಿ ಬೆಲೆ ಕೇಳಿದರು, ಕೇಳಿ ಒಳಗೆ ಹೋದರು.

ದುಡ್ಡಿಗೆ ಮಿತಿ ಇರುವವರು ಮೊದಲು ಬೂಟಿಗೆ ಹಾಕಿ. ಪಾದ ಒಳಗೆ ಅಲ್ಲಾಡುವ, ಎರಡು ಸೈಜು ದೊಡ್ಡ ಬೂಟು ಕಟ್ಟಿಕೊಂಡರೆ ಎಂ6 ಮಾತು ಕೇಳುವುದೇ ಇಲ್ಲ. ಇಷ್ಟು ಗಡುಸಾದ ಸ್ಕೀಗೆ ಬೂಟೂ ಸಾಕಷ್ಟು ಗಡುಸಾಗಿರಬೇಕು. ಆ ಗಡುಸಿನ ಅಳತೆಗೆ ಫ್ಲೆಕ್ಸ್ ಅನ್ನುತ್ತಾರೆ, ಅವನಿಗೆ ಈಗ 120 ಫ್ಲೆಕ್ಸ್.

2024-25ರಿಂದ ಇದರ ಮುಂದಿನ ಮಾದರಿ ಎಂ7 ಬಂದಿದೆ, ಹಾಗಾಗಿ ಎಂ6 ಸೆಕೆಂಡ್‌ಹ್ಯಾಂಡ್‌ನಲ್ಲಿ ಸಿಗುತ್ತಿದೆ. ಬೆಳೆಯುವ ಮಕ್ಕಳಿಗೆ ನನ್ನ ಆಯ್ಕೆ ಅದೇ. ನೋಡಲು ಹೋದಾಗ ಮೇಲಿನ ಗೀರುಗಳಿಗೆ ಹೆದರಬೇಡಿ, ತಳ ತಿರುಗಿಸಿ. ಅಂಚಿನ ಉಕ್ಕು ಎಷ್ಟು ದಪ್ಪ ಉಳಿದಿದೆ, ಎಲ್ಲಾದರೂ ಒಡೆದಿದೆಯೇ, ಅಂಚಿನ ಪಕ್ಕದಲ್ಲಿ ಪದರ ಬಿಟ್ಟಿದೆಯೇ ಅಂತ ಉಗುರಿನಿಂದ ತಡವಿ ನೋಡಿ. ಬೈಂಡಿಂಗ್ ಎಷ್ಟು ಸಲ ಕೊರೆದು ಕೂರಿಸಿದ್ದಾರೆ ಕೇಳಿ. ಎರಡು ಸಲದ ತೂತುಗಳಿದ್ದು ನಿಮ್ಮ ಮಗುವಿನ ಬೂಟಿಗೆ ಮೂರನೆಯದು ಕೊರೆಯಬೇಕಾದರೆ, ಎಷ್ಟೇ ಅಗ್ಗವಾಗಿರಲಿ, ಬಿಟ್ಟು ಬನ್ನಿ.