ರೋಟವೇಟರ್ ಇರುವವರು ಓದಿ: ಶಿಯರ್ ಬೋಲ್ಟ್ ಜಾಗಕ್ಕೆ ಗಟ್ಟಿ ಬೋಲ್ಟ್ ಹಾಕಿಸಬೇಡಿ

ಕಳೆದ ಬೇಸಿಗೆಯಲ್ಲಿ ನಮ್ಮ ರೋಟವೇಟರಿನ (ಟ್ರ್ಯಾಕ್ಟರಿನ ಹಿಂದೆ ಕಟ್ಟುವ, ತಿರುಗುವ ಬ್ಲೇಡಿನಿಂದ ಮಣ್ಣು ಪುಡಿ ಮಾಡುವ ಯಂತ್ರ) ಗೇರ್‌ಬಾಕ್ಸ್ ಒಡೆಯಿತು. ಆಗ ನನ್ನ ತಮ್ಮ ಯಂತ್ರದಿಂದ ಮೂರು ಮಾರು ದೂರದಲ್ಲಿ ಬದುವಿನ ಮೇಲೆ ನಿಂತಿದ್ದ. ಶಾಫ್ಟಿನ ಪ್ಲಾಸ್ಟಿಕ್ ಗಾರ್ಡಿನ ಚೂರು ಅವನ ಕಾಲ ಬುಡದಲ್ಲೇ ಬಂದು ಬಿದ್ದಿತು. ಅದು ನೆನಪಾದರೆ ಇಂದಿಗೂ ಕೈ ನಡುಗುತ್ತದೆ. ಹೀಗಾಗಿದ್ದು ನನ್ನ ಒಪ್ಪಿಗೆಯಿಂದಲೇ, ಹಾಗಾಗಿ ನಡೆದದ್ದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ.

ಕೂಳೆ ಕಬ್ಬು ಮುಗಿದ ಗದ್ದೆಯನ್ನು ಭತ್ತಕ್ಕೆ ಹದ ಮಾಡುತ್ತಿದ್ದೆವು. ಪಿ.ಟಿ.ಒ. ಶಾಫ್ಟನ್ನು (ಟ್ರ್ಯಾಕ್ಟರ್ ಎಂಜಿನ್ನಿನ ಬಲವನ್ನು ರೋಟವೇಟರಿಗೆ ಸಾಗಿಸುವ ತಿರುಗು ದಂಡ) ಗೇರ್‌ಬಾಕ್ಸಿಗೆ ಸೇರಿಸುವ ಕಡೆ ಇರುವ ಶಿಯರ್ ಬೋಲ್ಟ್, ಅಂದರೆ ಹೊರೆ ಮೀರಿದಾಗ ತಾನೇ ತುಂಡಾಗಿ ಗೇರನ್ನು ಕಾಯುವ ಬೋಲ್ಟ್, ಮಧ್ಯಾಹ್ನದೊಳಗೆ ಮೂರು ಸಲ ತುಂಡಾಯಿತು. ಕಂಪನಿಯವರು ಕೊಟ್ಟಿದ್ದ ಬಿಡಿ ಬೋಲ್ಟುಗಳೂ ಮುಗಿದವು. ಟ್ರ್ಯಾಕ್ಟರನ್ನು ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ನೋಡಿ, "ಅಣ್ಣ, ಈ ಬೋಲ್ಟಿನಲ್ಲಿ ದಮ್ಮೇ ಇಲ್ಲ. ಇನ್ನು ಮುರಿಯದ ಹಾಗೆ ಹಾಕಿಕೊಡುತ್ತೇನೆ" ಎಂದ. ರಂಧ್ರ ಸವೆದು ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಅದನ್ನು 8 ಮಿ.ಮೀ.ನಿಂದ 10 ಮಿ.ಮೀ.ಗೆ ಕೊರೆದು, ಕಪ್ಪು ಬಣ್ಣದ ಅಲೆನ್ ಬೋಲ್ಟ್ (ತಲೆಯಲ್ಲಿ ಆರು ಮೂಲೆಯ ಗುಳಿ ಇರುವ ಗಟ್ಟಿ ಬೋಲ್ಟ್) ತೂರಿಸಿ ಬಿಗಿದ. ಮಾರನೆಯ ದಿನವೆಲ್ಲ ಒಂದು ತಡೆಯೂ ಇಲ್ಲದೆ ಕೆಲಸ ನಡೆಯಿತು. ನನಗೆ ಬಹಳ ಸಮಾಧಾನವಾಗಿತ್ತು.

ಮೂರನೆಯ ದಿನ ಬದುವಿನಂಚಿನಲ್ಲಿ, ಹಿಂದೆಂದೋ ಮುರಿದು ಮಣ್ಣಲ್ಲಿ ಹೂತುಹೋಗಿದ್ದ ಬೇಲಿಯ ಕಲ್ಲುಕಂಬಕ್ಕೆ ಬ್ಲೇಡು ಬಡಿಯಿತು. ಪಿ.ಟಿ.ಒ. ನಿಮಿಷಕ್ಕೆ 540 ಸುತ್ತು ತಿರುಗುತ್ತಿತ್ತು, ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು. ಬ್ಲೇಡು ನಿಂತಿತು, ಎಂಜಿನ್ ನಿಲ್ಲಲಿಲ್ಲ. ಬೋಲ್ಟ್ ಜಗ್ಗಲಿಲ್ಲ. ಶಾಫ್ಟಿನ ಕೀಲಿನೊಳಗಿನ ಕ್ರಾಸ್ ಮುರಿದು, ಟ್ರ್ಯಾಕ್ಟರ್ ಕಡೆಯ ಅರ್ಧ ಶಾಫ್ಟ್ ತಿರುಗುತ್ತಲೇ ಚಾವಟಿಯಂತೆ ಬಡಿಯತೊಡಗಿತು. ನಾನು ಕ್ಲಚ್ ತುಳಿಯುವಷ್ಟರಲ್ಲಿ ಗಾರ್ಡ್ ಪುಡಿಯಾಗಿತ್ತು. ಗೇರ್‌ಬಾಕ್ಸ್ ಬಿಚ್ಚಿದಾಗ ಎಣ್ಣೆಯ ತಳದಲ್ಲಿ ಪಿನಿಯನ್ನಿನ (ಚಿಕ್ಕ ಗೇರಿನ) ಎರಡು ಹಲ್ಲು ಬಿದ್ದಿದ್ದವು. ಇಪ್ಪತ್ತು ರೂಪಾಯಿಯ ಬೋಲ್ಟ್ ಉಳಿಸಲು ಹೋಗಿ ಮೂವತ್ತು ಸಾವಿರಕ್ಕೂ ಮೇಲೆ ತೆತ್ತೆ. ಉಳುಮೆಯ ಹೊತ್ತಿನಲ್ಲೇ ಮೂರು ವಾರ ಯಂತ್ರ ಷೆಡ್ಡಿನಲ್ಲಿ ನಿಂತಿತು.

ಎರಡು ಬೋಲ್ಟುಗಳ ತಲೆಯನ್ನೂ ಉಜ್ಜಿ ನೋಡಿದಾಗ ಲೆಕ್ಕ ಸ್ಪಷ್ಟವಾಯಿತು. ಹಳೆಯದರ ಮೇಲೆ 8.8 ಎಂದಿತ್ತು, ಅಲೆನ್ ಬೋಲ್ಟಿನ ಮೇಲೆ 12.9. ಚುಕ್ಕೆಗೆ ಮೊದಲಿರುವ ಸಂಖ್ಯೆಯನ್ನು ನೂರರಿಂದ ಗುಣಿಸಿದರೆ ಚದರ ಮಿಲಿಮೀಟರಿಗೆ ಎಷ್ಟು ನ್ಯೂಟನ್ ಎಳೆತ ತಡೆಯುತ್ತದೆ ಎಂದು ತಿಳಿಯುತ್ತದೆ. ಅಂದರೆ 800ರ ಜಾಗದಲ್ಲಿ 1200, ಒಂದೂವರೆ ಪಟ್ಟು. ದಪ್ಪ 8ರಿಂದ 10ಕ್ಕೆ ಏರಿದ್ದರಿಂದ ಕತ್ತರಿಸಬೇಕಾದ ಉಕ್ಕು ಮತ್ತೂ ಒಂದೂವರೆ ಪಟ್ಟಿಗಿಂತ ಹೆಚ್ಚಾಯಿತು. ಎರಡೂ ಸೇರಿ, ಮೊದಲು ತುಂಡಾಗುತ್ತಿದ್ದ ಬಲದ ಎರಡೂಕಾಲು ಪಟ್ಟಿಗೂ ಮೀರಿದ ಬಲವನ್ನು ಗೇರಿನ ಹಲ್ಲಿಗೆ ದಾಟಿಸುವಷ್ಟು ಆ ಬೋಲ್ಟ್ ಗಟ್ಟಿಯಾಗಿತ್ತು. ಕಂಪನಿಯವರು ಆ ಒಂದು ಜಾಗವನ್ನು ಬೇಕೆಂದೇ ದುರ್ಬಲ ಮಾಡಿರುತ್ತಾರೆ. ನಿಮ್ಮ ಯಂತ್ರದ ಪುಸ್ತಕದಲ್ಲಿ ಯಾವ ಅಳತೆ, ಯಾವ ಗ್ರೇಡ್ ಎಂದಿದೆಯೋ ಅದನ್ನೇ ಹಾಕಿ. ಮೆಕ್ಯಾನಿಕ್ ಎಷ್ಟೇ ಹಳಬನಾಗಿದ್ದರೂ ಈ ವಿಷಯದಲ್ಲಿ ಅವನ ಮಾತು ಕೇಳಬೇಡಿ.

ಹಾಗಾದರೆ ಬೋಲ್ಟ್ ಮತ್ತೆ ಮತ್ತೆ ಏಕೆ ಮುರಿಯುತ್ತಿತ್ತು? ಮೊದಲ ದಿನವೇ ನಾನು ಕೇಳಿಕೊಳ್ಳಬೇಕಿದ್ದ ಪ್ರಶ್ನೆ ಇದು. ರಿಪೇರಿಗೆ ಬಂದ ಬೇರೊಬ್ಬ ಮೆಕ್ಯಾನಿಕ್ ಶಾಫ್ಟ್ ಕಳಚಿ, ಬ್ಲೇಡುಗಳ ರೋಟರನ್ನು ಕೈಯಿಂದ ತಿರುಗಿಸಿ ನೋಡಿದರು. ಅದು ಅಲುಗಲಿಲ್ಲ. ಗದ್ದೆಯಲ್ಲೇ ಬಿಟ್ಟಿದ್ದ ಹಳೆಯ ಡ್ರಿಪ್ ಪೈಪು ತುದಿಯ ಬೇರಿಂಗಿನ ಬಳಿ ಹಗ್ಗದ ಹಾಗೆ ಸುತ್ತಿಕೊಂಡು, ಸೀಲನ್ನು ಕೊಯ್ದು ಒಳಗೆ ನುಗ್ಗಿತ್ತು. ಚಾಕುವಿನಿಂದ ಕತ್ತರಿಸಿ ಎಳೆದರೆ ಒಂದು ಬುಟ್ಟಿ ತುಂಬುವಷ್ಟು ಪೈಪು. ಬೇರಿಂಗಿನ ಗ್ರೀಸ್ ಕೆಸರಾಗಿತ್ತು. ಬಿಗಿದುಕೊಂಡ ರೋಟರನ್ನು ತಿರುಗಿಸುವುದಕ್ಕೇ ಅರ್ಧ ಬಲ ಹೋಗುತ್ತಿದ್ದಾಗ, ಕಬ್ಬಿನ ಒಂದು ಗಟ್ಟಿ ಬುಡ ಅಡ್ಡ ಬಂದರೂ ಬೋಲ್ಟ್ ಮುರಿಯುವುದು ಸಹಜ.

ನಿಮ್ಮಲ್ಲಿಯೂ ಬೋಲ್ಟ್ ಪದೇ ಪದೇ ಮುರಿಯುತ್ತಿದ್ದರೆ ಎಂಜಿನ್ ನಿಲ್ಲಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಎತ್ತಿದ ರೋಟವೇಟರಿನ ಕೆಳಗೆ ಮರದ ದಿಮ್ಮಿ ಕೊಟ್ಟ ಮೇಲೆಯೇ ಕೈ ಹಾಕಿ. ರೋಟರ್ ಕೈಗೆ ಸಲೀಸಾಗಿ ತಿರುಗುತ್ತದೆಯೇ ನೋಡಿ. ಬೋಲ್ಟಿನ ರಂಧ್ರ ಸವೆದು ಅಗಲವಾಗಿದ್ದರೆ ಸರಿಯಾದ ಬೋಲ್ಟೂ ಅಲುಗಾಡಿ ಏಟು ತಿಂದು ಬೇಗ ಮುರಿಯುತ್ತದೆ. ಆಗ ಬದಲಿಸಬೇಕಾದದ್ದು ಆ ರಂಧ್ರವಿರುವ ಯೋಕನ್ನು (ಶಾಫ್ಟಿನ ತುದಿಯ ಜೋಡಣೆ ಭಾಗ), ಬೋಲ್ಟಿನ ಅಳತೆಯನ್ನಲ್ಲ. ಎಂಜಿನ್ ಜೋರಾಗಿ ಓಡುವಾಗ ಪಿ.ಟಿ.ಒ. ಹಾಕುವ ಅಭ್ಯಾಸವಿದ್ದರೆ ಇಂದೇ ಬಿಡಿ, ಆ ಏಟಿಗೂ ಬೋಲ್ಟ್ ಮುರಿಯುತ್ತದೆ.

ಶಿಯರ್ ಬೋಲ್ಟ್ ಬದಲು ಸ್ಲಿಪ್ ಕ್ಲಚ್ (ಸ್ಪ್ರಿಂಗ್ ಒತ್ತಿ ಹಿಡಿದ ಡಿಸ್ಕುಗಳು; ಹೊರೆ ಮೀರಿದಾಗ ಮುರಿಯದೆ ಜಾರುತ್ತವೆ) ಇರುವವರಿಗೂ ಇದೇ ಅಪಾಯ ಇನ್ನೊಂದು ದಾರಿಯಿಂದ ಬರುತ್ತದೆ. ಮಳೆಗಾಲವೆಲ್ಲ ಹೊರಗೆ ನಿಂತ ಯಂತ್ರದ ಡಿಸ್ಕುಗಳು ತುಕ್ಕಿನಿಂದ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಕಲ್ಲು ಬಡಿದಾಗ ಜಾರುವುದಿಲ್ಲ. ಹಂಗಾಮಿನ ಮೊದಲು ಸ್ಪ್ರಿಂಗುಗಳ ಉದ್ದ ಅಳೆದಿಟ್ಟುಕೊಂಡು ನಟ್ಟುಗಳನ್ನು ಸಡಿಲಿಸಿ, ಪ್ಲೇಟುಗಳ ಮೇಲೆ ಅಡ್ಡಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ. ಬ್ಲೇಡು ನೆಲದಲ್ಲಿ ಕಚ್ಚಿಕೊಂಡಿರುವಾಗ ಹತ್ತಿರ ಯಾರೂ ಇಲ್ಲದಂತೆ ನೋಡಿಕೊಂಡು, ಎಂಜಿನ್ ನಿಧಾನದಲ್ಲಿರುವಾಗಲೇ ಒಂದೆರಡು ಸೆಕೆಂಡು ಪಿ.ಟಿ.ಒ. ಹಾಕಿ ತೆಗೆಯಿರಿ. ಗೆರೆ ತುಂಡಾಗಿ ಆಚೀಚೆ ಸರಿದಿದ್ದರೆ ಡಿಸ್ಕು ಬಿಟ್ಟುಕೊಂಡಿದೆ ಎಂದರ್ಥ. ನಂತರ ಮೊದಲಿನ ಉದ್ದಕ್ಕೇ ಬಿಗಿಯಿರಿ. ಜಾರುತ್ತದೆಂದು ಸ್ಪ್ರಿಂಗನ್ನು ಪೂರ್ತಿ ಬಿಗಿದರೆ ಅದೂ ನನ್ನ ಅಲೆನ್ ಬೋಲ್ಟಿನ ಹಾಗೆಯೇ.

ಹಳೆಯ ರೋಟವೇಟರ್ ಕೊಳ್ಳುವವರು ಬಣ್ಣ, ಬ್ಲೇಡು ನೋಡುವ ಮೊದಲು ಆ ಒಂದು ಬೋಲ್ಟನ್ನು ಬಿಚ್ಚಿಸಿ ತಲೆಯ ಮೇಲಿನ ಅಂಕಿ ಓದಿ. ಅಲ್ಲಿ ಬೇರೆ ಗ್ರೇಡ್ ಕಂಡರೆ ಗೇರ್‌ಬಾಕ್ಸ್ ತೆಗೆಸಿ ನೋಡದೆ ಮುಂಗಡ ಕೊಡಬೇಡಿ.